‘ದಿ ಜನರಲ್’ ನೋಡಿ ನಗು ಬರಲಿಲ್ಲ ಅಂದವರ ಜೊತೆ ಸ್ವಲ್ಪ ಜಗಳ

ಅಮೆರಿಕದ ಮೂಕಿ ಸಿನಿಮಾಗಳ ನಟ, ನಿರ್ದೇಶಕ ಬಸ್ಟರ್ ಕೀಟನ್‌ನ ‘ದಿ ಜನರಲ್’ ಬಗ್ಗೆ ಯಾರನ್ನೇ ಕೇಳಿ, ಬರುವುದು ಎರಡೇ ಉತ್ತರ. ಒಂದು, ಅದಕ್ಕಿಂತ ದೊಡ್ಡ ಮೂಕಿ ಕಾಮಿಡಿ ಇಲ್ಲವೇ ಇಲ್ಲ. ಎರಡು, ‘ನೋಡಿದೆ ಮಾರಾಯ್ತಿ, ಚೆನ್ನಾಗಿದೆ, ಆದ್ರೆ ನಗು ಎಲ್ಲಿತ್ತು?’ ಈ ಎರಡನೇ ಮಾತು ಹೇಳುವವರು ಸ್ವಲ್ಪ ದನಿ ತಗ್ಗಿಸಿಯೇ ಹೇಳುತ್ತಾರೆ. ಕ್ಲಾಸಿಕ್ ಅಂತ ಮುದ್ರೆ ಬಿದ್ದ ಸಿನಿಮಾ ನೋಡುತ್ತಾ ಆಕಳಿಸಿದೆ ಅನ್ನಲು ಯಾರಿಗೂ ಧೈರ್ಯ ಬರುವುದಿಲ್ಲ ಅಲ್ವಾ. ನಾನು ಮೊದಲ ಗುಂಪಿನವಳು, ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಸಿನಿಮಾ ಬಗ್ಗೆ ಕೆಲಸಕ್ಕೆ ಬರುವ ಮಾತು ಸಿಗುವುದು ದೂರುವವರಿಂದಲೇ. ಹೊಗಳುವವರು ಕೊನೆಯಲ್ಲಿ ರೈಲು ಸಮೇತ ಸೇತುವೆ ಬೀಳುವ ದೃಶ್ಯ ಹೇಳಿ ಮುಗಿಸುತ್ತಾರೆ. ದೂರುವವರಿಗೆ ತಮಗೆ ಎಲ್ಲಿ ಚುಚ್ಚಿತು ಅಂತ ಸರಿಯಾಗಿ ಗೊತ್ತಿರುತ್ತದೆ.

ದೂರು ಹೊಸದೂ ಅಲ್ಲ. ಸಿನಿಮಾ ಮೊದಲು ತೆರೆ ಕಂಡಿದ್ದು 1926ರ ಕೊನೆಯ ದಿನ, ಟೋಕಿಯೋದಲ್ಲಿ. 1927ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ಗೆ ಬಂತು. ಖರ್ಚು ಸುಮಾರು 7.5 ಲಕ್ಷ ಡಾಲರ್, ಆ ಕಾಲಕ್ಕೆ ಕಾಮಿಡಿಯೊಂದಕ್ಕೆ ಸುರಿಯುವ ದುಡ್ಡೇ ಅಲ್ಲ ಅದು. ಅಮೆರಿಕದಲ್ಲಿ ಗಳಿಕೆ 5 ಲಕ್ಷವನ್ನೂ ಮುಟ್ಟಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ ಸಪ್ಪೆಯಾಗಿ ಬರೆಯಿತು. ಸಿನಿಮಾರಂಗದ ಪತ್ರಿಕೆ ‘ವೆರೈಟಿ’ ಸೋತ ಸಿನಿಮಾ ಅಂದಿತು. ‘ಲೈಫ್’ ಪತ್ರಿಕೆಯಲ್ಲಿ ವಿಮರ್ಶಕ ರಾಬರ್ಟ್ ಶೆರ್ವುಡ್ ಬರೆದದ್ದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ: ಯುದ್ಧದಲ್ಲಿ ಜನ ಸಾಯುವುದನ್ನು ತೋರಿಸಿ ನಗಿಸೋದು ಕಷ್ಟ, ಅದನ್ನು ಕೀಟನ್‌ಗೆ ಯಾರಾದರೂ ಹೇಳಬೇಕಿತ್ತು ಅಂತ. ಈ ಸೋಲಿನ ಪೆಟ್ಟು ಸಣ್ಣದಾಗಿರಲಿಲ್ಲ. ಇನ್ನೆರಡು ಸಿನಿಮಾ ಆದ ಮೇಲೆ, 1928ರಲ್ಲಿ, ಕೀಟನ್ ಎಂಜಿಎಂ ಅನ್ನುವ ದೊಡ್ಡ ಸಿನಿಮಾ ಕಂಪನಿಗೆ ಸೇರಿದ. ತನಗೆ ಬೇಕಾದ ಹಾಗೆ ಸಿನಿಮಾ ಮಾಡುವ ಸ್ವಾತಂತ್ರ್ಯ ಅಲ್ಲಿಗೆ ಹೋಯಿತು. ಆಮೇಲೆ ನೋಡಿ ತಮಾಷೆ, 1972ರಲ್ಲಿ ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ವಿಮರ್ಶಕರನ್ನು ಕೇಳಿ ಮಾಡಿದ ಪಟ್ಟಿಯಲ್ಲಿ ಇದೇ ಸಿನಿಮಾ ಜಗತ್ತಿನ ಮೊದಲ ಹತ್ತರೊಳಗೆ ಬಂತು. 1982ರಲ್ಲೂ ಬಂತು. 1989ರಲ್ಲಿ ಅಮೆರಿಕ ಸರ್ಕಾರ ಕಾಪಾಡಬೇಕಾದ ಸಿನಿಮಾಗಳ ಪಟ್ಟಿ ಶುರು ಮಾಡಿದಾಗ ಮೊದಲ ಕಂತಿನಲ್ಲೇ ಇದರ ಹೆಸರಿತ್ತು.

ನೋಡದವರಿಗಾಗಿ ಕತೆ ಚುಟುಕಾಗಿ. 1861, ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ. ಜಾನಿ ಗ್ರೇ, ಅಂದರೆ ಕೀಟನ್, ದಕ್ಷಿಣದ ಜಾರ್ಜಿಯಾದಲ್ಲಿ ರೈಲು ಡ್ರೈವರ್. ಸೈನ್ಯಕ್ಕೆ ಸೇರಲು ಹೋದರೆ, ಡ್ರೈವರ್ ಆಗಿದ್ದರೇ ಹೆಚ್ಚು ಉಪಯೋಗ ಅಂತ ಇವನನ್ನು ಬೇಡ ಅನ್ನುತ್ತಾರೆ. ಆದರೆ ಕಾರಣವನ್ನು ಇವನಿಗೆ ಹೇಳುವುದಿಲ್ಲ. ಹುಡುಗಿ ಆನಬೆಲ್, ಇವನು ಹೇಡಿ ಅಂದುಕೊಂಡು ಮಾತು ಬಿಡುತ್ತಾಳೆ. ಒಂದು ವರ್ಷ ಆದ ಮೇಲೆ ಉತ್ತರದ ಗೂಢಚಾರರು ಇವನ ಎಂಜಿನ್ ‘ಜನರಲ್’ ಅನ್ನು ಕದ್ದುಕೊಂಡು ಓಡುತ್ತಾರೆ. ಇವನು ಬೆನ್ನು ಹತ್ತುತ್ತಾನೆ. ಮೊದಲು ಕಾಲ್ನಡಿಗೆ, ಆಮೇಲೆ ಕೈಯಿಂದ ತಳ್ಳುವ ಟ್ರಾಲಿ, ಆಮೇಲೆ ಹಳೇ ಕಾಲದ ಸೈಕಲ್ಲು, ಕೊನೆಗೆ ಇನ್ನೊಂದು ಎಂಜಿನ್. ಕಳ್ಳತನ ನಿಜಕ್ಕೂ ನಡೆದದ್ದೇ. 1862ರ ಏಪ್ರಿಲ್ 12ರಂದು ಆಂಡ್ರ್ಯೂಸ್ ಎಂಬಾತನ ತಂಡ ಬಿಗ್ ಶಾಂಟಿ ಅನ್ನುವ ಊರಲ್ಲಿ ಈ ಎಂಜಿನ್ ಕದ್ದಿತ್ತು. ಆದರೆ ನಿಜ ಘಟನೆಯಲ್ಲಿ ಓಟ ಒಂದೇ ದಿಕ್ಕಿಗೆ. ಕಳ್ಳರು ಸಿಕ್ಕಿಬಿದ್ದರು, ಮುಗಿಯಿತು. ಎಂಜಿನ್ ವಾಪಸ್ ಕದ್ದುಕೊಂಡು ಅದೇ ಹಳಿಯ ಮೇಲೆ ಮನೆ ಕಡೆ ಓಡುವ ಎರಡನೇ ಅರ್ಧ ಪೂರ್ತಿ ಕೀಟನ್ ಹೊಸೆದದ್ದು.

ಈಗ ನಗುವಿನ ಮಾತು. ಇದರಲ್ಲಿ ನಗಿಸುವುದು ಮುಖವಲ್ಲ, ಬೀಳುವುದೂ ಅಲ್ಲ, ವಸ್ತುಗಳು ಇರುವ ಜಾಗ. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಜಾನಿ ತನ್ನ ಎಂಜಿನ್‌ಗೆ ಒಂದು ತೋಪಿನ ಗಾಡಿ ಜೋಡಿಸಿಕೊಂಡು ಕಳ್ಳರ ಹಿಂದೆ ಹೋಗುತ್ತಿದ್ದಾನೆ. ಮೊದಲ ಸಲ ಚಿಟಿಕೆ ಮದ್ದು ಹಾಕುತ್ತಾನೆ, ಗುಂಡು ಪುಸ್ಸಂತ ಹಾರಿ ಇವನ ಎಂಜಿನ್ ಒಳಗೇ ಬೀಳುತ್ತದೆ. ಎರಡನೇ ಸಲ ಸಿಟ್ಟಿಗೆ ಇಡೀ ಡಬ್ಬಿ ಸುರಿದು ಬತ್ತಿ ಹಚ್ಚುತ್ತಾನೆ. ವಾಪಸ್ ಬರುವಾಗ ಕಾಲು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ, ತೋಪು ಕುಲುಕಾಡುತ್ತಾ ಬಾಯಿ ಬಗ್ಗಿಸಿ ಇವನಿಗೇ ಗುರಿ ಇಡುತ್ತದೆ. ಇವನು ಎಂಜಿನ್‌ನ ಮುಂತುದಿಗೆ ಓಡುತ್ತಾನೆ. ಇನ್ನೇನು ಮುಗಿಯಿತು ಅನ್ನುವಾಗ ಹಳಿ ತಿರುವು ತೆಗೆದುಕೊಳ್ಳುತ್ತದೆ. ಇವನ ರೈಲು ಪಕ್ಕಕ್ಕೆ ಹೊರಳುತ್ತದೆ, ಗುಂಡು ನೇರ ಹೋಗಿ ಮುಂದಿರುವ ಕಳ್ಳರ ರೈಲಿನ ಹತ್ತಿರ ಸಿಡಿಯುತ್ತದೆ. ಕಳ್ಳರಿಗೆ ಹಿಂದೆ ದೊಡ್ಡ ಸೈನ್ಯವೇ ಬರುತ್ತಿದೆ ಅನ್ನಿಸಿಬಿಡುತ್ತದೆ.

ಇಲ್ಲಿ ನಕ್ಕಿದ್ದು ಯಾವುದಕ್ಕೆ ಹೇಳಿ? ತಿರುವಿಗೆ. ಹಳಿ, ತೋಪು, ಎರಡು ರೈಲು, ಎಲ್ಲ ಎಲ್ಲೆಲ್ಲಿವೆ ಅಂತ ಕೀಟನ್ ಮೊದಲೇ ತೋರಿಸಿ ಇಟ್ಟಿರುತ್ತಾನೆ. ಫೋನ್ ನೋಡುತ್ತಾ ಅರ್ಧ ಗಮನದಲ್ಲಿ ನೋಡಿದರೆ ಇದು ಸುಮ್ನೆ ಒಂದು ಢಂ ಅನ್ನುವ ದೃಶ್ಯ, ಅಷ್ಟೇ. ‘ನಗು ಬರಲಿಲ್ಲ’ ಅನ್ನುವವರಲ್ಲಿ ಎಷ್ಟು ಜನ ಹಾಗೆ ನೋಡಿದ್ದರೋ, ಕೇಳಿದರೆ ಬೇಜಾರಾದಾರು ಅಂತ ನಾನು ಕೇಳಿಲ್ಲ.

ಇನ್ನೊಂದು ದೃಶ್ಯದಲ್ಲಿ ಜಾನಿ ಎಂಜಿನ್ ಹಿಂದೆ ನಿಂತು ಮೈಮರೆತು ಸೌದೆ ಒಡೆಯುತ್ತಿರುತ್ತಾನೆ. ಅವನ ಹಿಂದೆ ಬಯಲಿನಲ್ಲಿ ದಕ್ಷಿಣದ ಸೈನ್ಯ ಪೂರ್ತಿ ಹಿಮ್ಮೆಟ್ಟುತ್ತದೆ, ಉತ್ತರದ ಸೈನ್ಯ ನುಗ್ಗಿ ಬರುತ್ತದೆ. ಇವನು ತಲೆ ಎತ್ತುವುದಿಲ್ಲ. ಈ ಸಿನಿಮಾ ಅರ್ಥ ಆಗಬೇಕಾದರೆ ನನಗೆ ಈ ದೃಶ್ಯವೇ ಕೀಲಿಕೈ.

ಯಾಕೆ ಅಂದರೆ ಈಗಿನ ನೋಡುಗರ ದೊಡ್ಡ ತಕರಾರು ಬೇರೆಯೇ ಇದೆ, ಅದು ನ್ಯಾಯವಾದದ್ದೂ ಹೌದು. ಹೀರೋ ದಕ್ಷಿಣದವನು. ದಕ್ಷಿಣ ಹೋರಾಡಿದ್ದು ಗುಲಾಮಗಿರಿ ಉಳಿಸಿಕೊಳ್ಳಲು. ಇಡೀ ಸಿನಿಮಾದಲ್ಲಿ ಗುಲಾಮಗಿರಿ ಅನ್ನುವ ಮಾತೇ ಬರುವುದಿಲ್ಲ. ಕೀಟನ್ ಕೊಡುತ್ತಿದ್ದ ಸಮಜಾಯಿಷಿ, ಸೋತ ದಕ್ಷಿಣದವರನ್ನು ಖಳರನ್ನಾಗಿ ಮಾಡಿದರೆ ಪ್ರೇಕ್ಷಕರು ಒಪ್ಪುವುದಿಲ್ಲ ಅಂತ. ಕತೆಯ ಲೆಕ್ಕವೂ ಒಂದಿದೆ: ಆಂಡ್ರ್ಯೂಸ್ ಮತ್ತು ಅವನ ಏಳು ಜನ ಸಂಗಡಿಗರನ್ನು ಗಲ್ಲಿಗೇರಿಸಿದರು, ಅವರ ಕಡೆಯಿಂದ ಹೇಳಿದರೆ ಕಾಮಿಡಿ ಆಗುವುದಾದರೂ ಹೇಗೆ. ಈ ಎರಡೂ ಮಾತು ನನಗೆ ಅರ್ಥವಾಗುತ್ತವೆ, ಸಮಾಧಾನ ಮಾತ್ರ ಆಗುವುದಿಲ್ಲ. ‘ಅಯ್ಯೋ ಹಳೇ ಸಿನಿಮಾ, ಬಿಡಿ’ ಅಂತ ಜಾರಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಳೇದಾದರೇನು, ನೋಡುತ್ತಿರುವುದು ಈಗ ತಾನೇ.

ಆದರೆ ಜಾನಿ ಓಡಿದ್ದು ಯಾತಕ್ಕೆ ಅಂತ ನೋಡಿ. ದಕ್ಷಿಣಕ್ಕಾಗಿ ಅಲ್ಲ. ಹುಡುಗಿಗಾಗಿಯೂ ಅಲ್ಲ. ಕಳ್ಳರ ರೈಲಿನಲ್ಲಿ ಆನಬೆಲ್ ಸಿಕ್ಕಿಬಿದ್ದಿದ್ದಾಳೆ ಅಂತ ಅವನಿಗೆ ಗೊತ್ತೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಶತ್ರುಗಳ ಮನೆಯಲ್ಲಿ ಮೇಜಿನ ಕೆಳಗೆ ಅಡಗಿ ಕೂತಾಗ, ಯಾರದೋ ಸಿಗಾರ್ ತಾಗಿ ಮೇಜಿನ ಬಟ್ಟೆಗೆ ತೂತು ಬೀಳುತ್ತದೆ, ಆ ತೂತಿನಿಂದ ಅವಳು ಕಾಣುತ್ತಾಳೆ. ಅಲ್ಲಿಯವರೆಗೆ ಅವನು ಬೆನ್ನು ಹತ್ತಿದ್ದು ತನ್ನ ಎಂಜಿನ್ ಒಂದಕ್ಕೇ. ಸೌದೆ ಹಾಕು, ನೀರು ತುಂಬು, ಅಡ್ಡ ಬಿದ್ದ ದಿಮ್ಮಿ ಸರಿಸು, ಮುಂದೆ ಹೋಗು. ಇದು ಯುದ್ಧದ ಸಿನಿಮಾ ಅಲ್ಲವೇ ಅಲ್ಲ, ಕೆಲಸ ಬಲ್ಲವನೊಬ್ಬ ಕೆಲಸ ಮಾಡುವ ಸಿನಿಮಾ. 1927ರಲ್ಲಿ ಸಾವು ತೋರಿಸಿ ನಗಿಸಬೇಡ ಅಂದವರೂ, ಇಂದು ಗುಲಾಮಗಿರಿ ಎಲ್ಲಿ ಅನ್ನುವವರೂ ಕೇಳುತ್ತಿರುವುದು ಒಂದನ್ನೇ: ತಲೆ ಎತ್ತಿ ಹಿಂದೆ ಏನಾಗುತ್ತಿದೆ ನೋಡು. ಜಾನಿ ನೋಡುವುದಿಲ್ಲ, ಕೀಟನ್ನೂ ನೋಡುವುದಿಲ್ಲ. ಸಿನಿಮಾದ ಸೊಗಸು ಹುಟ್ಟಿದ್ದೇ ಆ ಕುರುಡಿನಿಂದ. ತಪ್ಪು ಹುಟ್ಟಿದ್ದೂ ಅಲ್ಲಿಂದಲೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಲು ನನಗಂತೂ ಬರುವುದಿಲ್ಲ.

ಹಾಗಾಗಿಯೇ ಶೆರ್ವುಡ್ ಮಾತು ಒಂದು ಭಾಗಕ್ಕೆ ಪೂರ್ತಿ ಸರಿ ಅನ್ನುತ್ತೇನೆ. ಕೊನೆಯಲ್ಲಿ ಸೇತುವೆ ಬಿದ್ದ ಮೇಲೆ ನದಿ ದಂಡೆಯಲ್ಲಿ ಯುದ್ಧ ನಡೆಯುತ್ತದೆ. ತೋಪಿನ ಹತ್ತಿರ ನಿಂತ ಸೈನಿಕರು ಒಬ್ಬೊಬ್ಬರಾಗಿ ಗುಂಡು ತಿಂದು ಬೀಳುತ್ತಾರೆ, ಜಾನಿ ಪಕ್ಕದಲ್ಲಿ ಕಕ್ಕಾಬಿಕ್ಕಿ. ಅವನ ಕತ್ತಿಯ ಅಲಗು ಹಿಡಿಯಿಂದ ಕಳಚಿ ಹಾರಿ, ಅಡಗಿದ್ದ ಶತ್ರುವಿಗೆ ಚುಚ್ಚಿಕೊಳ್ಳುತ್ತದೆ. ನನಗೆ ಇಲ್ಲಿ ನಗು ಬರುವುದಿಲ್ಲ. ಆದರೆ ಕಾರಣ ಬರೀ ಸಾವಲ್ಲ. ಈ ಭಾಗದಲ್ಲಿ ಎಂಜಿನ್ ಇಲ್ಲ! ಹಳಿ ಇಲ್ಲ, ದಿಕ್ಕಿಲ್ಲ, ಯಾವುದು ಎಲ್ಲಿದೆ ಅನ್ನುವ ಲೆಕ್ಕ ಕಳೆದುಹೋಗುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಚೆನ್ನಾಗಿ ಓಡಿದ ಗಡಿಯಾರ ರಾತ್ರಿ ಊಟದ ಹೊತ್ತಿಗೆ ನಿಂತುಹೋದ ಹಾಗೆ.

ಸೇತುವೆಯ ವಿಷಯ ಎಲ್ಲರೂ ಬರೆದಿದ್ದಾರೆ, ನಾನು ಬೇಗ ಮುಗಿಸುತ್ತೇನೆ. 1926ರ ಜುಲೈ 23, ಆರೆಗನ್ ರಾಜ್ಯದ ಕಾಟೇಜ್ ಗ್ರೋವ್ ಹತ್ತಿರ. ಮಾಡೆಲ್ ಅಲ್ಲ, ನಿಜವಾದ ಎಂಜಿನ್, ನಿಜವಾದ ಸೇತುವೆ. ಸುತ್ತಲಿನ ಊರಿನವರು ಸಾವಿರಗಟ್ಟಲೆ ನೋಡಲು ಬಂದಿದ್ದರು. ಆ ಒಂದು ಶಾಟಿಗೆ 42,000 ಡಾಲರ್ ಆಯಿತು ಅನ್ನುತ್ತಾರೆ. ಎಂಜಿನ್ ನದಿಯಲ್ಲೇ ಬಿದ್ದಿತ್ತು, ಎರಡನೇ ಮಹಾಯುದ್ಧದ ಹೊತ್ತಿಗೆ ಗುಜರಿಗೆ ಹೋಯಿತು. ಅದಕ್ಕಿಂತ ನನಗೆ ಎದೆ ಝಲ್ ಅನ್ನಿಸುವುದು ಶುರುವಿನ ಸಣ್ಣ ದೃಶ್ಯ. ಹುಡುಗಿ ಬೈದು ಹೋದ ಮೇಲೆ ಜಾನಿ ಬೇಜಾರಿನಲ್ಲಿ ಎಂಜಿನ್ ಚಕ್ರಗಳನ್ನು ಜೋಡಿಸುವ ಕಬ್ಬಿಣದ ತೋಳಿನ ಮೇಲೆ ಕೂರುತ್ತಾನೆ. ಎಂಜಿನ್ ಹೊರಡುತ್ತದೆ, ತೋಳು ಇವನನ್ನು ಮೇಲೆ ಕೆಳಗೆ ಎತ್ತಿ ಇಳಿಸುತ್ತದೆ, ಶೆಡ್ ಒಳಗೆ ಹೋಗುವವರೆಗೂ ಇವನಿಗೆ ಗೊತ್ತೇ ಆಗುವುದಿಲ್ಲ. ಚಕ್ರ ಒಮ್ಮೆ ಹಳಿ ಮೇಲೆ ಜಾರಿ ಗಿರ್ರನೆ ತಿರುಗಿದ್ದರೆ ಕೀಟನ್ ಕತೆ ಮುಗಿಯುತ್ತಿತ್ತು. ಡೂಪ್ ಇಲ್ಲ.

ಆನಬೆಲ್ ಬಗ್ಗೆಯೂ ಒಂದು ಮಾತು, ಗೆಳತಿಯರ ದೂರು ಇದು. ಅವಳನ್ನು ಪೆದ್ದಿ ಮಾಡಿದ್ದಾರೆ ಅಂತ. ಶತ್ರುಗಳು ಬೆನ್ನ ಹಿಂದೆ ಇರುವಾಗ ಎಂಜಿನ್ ಒಳಗೆ ಪೊರಕೆ ಹಿಡಿದು ಗುಡಿಸುತ್ತಾಳೆ. ಸೌದೆ ಹಾಕು ಅಂದರೆ ತೂತಿದೆ ಅಂತ ಒಂದು ದಿಮ್ಮಿ ಎಸೆದು, ಚಿಕ್ಕ ಚಕ್ಕೆ ಹಾಕುತ್ತಾಳೆ. ಜಾನಿ ಅವಳ ಕತ್ತು ಹಿಸುಕಲು ಹೋಗಿ, ಥಟ್ಟನೆ ಮುತ್ತು ಕೊಡುತ್ತಾನೆ. ಕತ್ತು ಹಿಸುಕುವುದು ಇಂದು ಕಣ್ಣಿಗೆ ಚುಚ್ಚುತ್ತದೆ, ಒಪ್ಪಿದೆ. ಆದರೆ ಅದೇ ಆನಬೆಲ್ ಎರಡು ಸಣ್ಣ ಮರಗಳ ನಡುವೆ ಹಳಿಗೆ ಅಡ್ಡ ಹಗ್ಗ ಕಟ್ಟಿದಾಗ, ಜಾನಿಗೆ ಅದು ಹುಚ್ಚಾಟ ಅನ್ನಿಸಿದರೂ, ಹಿಂದೆ ಬಂದ ಶತ್ರುಗಳ ರೈಲು ಅದಕ್ಕೇ ಸಿಕ್ಕಿ ಒದ್ದಾಡುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾತ್ರ ಮಾಡಿದ ಮೇರಿಯನ್ ಮ್ಯಾಕ್ ಮೂಟೆಯೊಳಗೆ ತುಂಬಿಸಿಕೊಂಡು, ನೀರಿನ ರಭಸಕ್ಕೆ ಸಿಕ್ಕು, ಪೆಟ್ಟು ತಿಂದದ್ದೇನೂ ಕೀಟನ್‌ಗಿಂತ ತೀರಾ ಕಮ್ಮಿಯಲ್ಲ.

ನಮ್ಮ ಕಡೆ ಮೂಕಿ ಕಾಮಿಡಿ ಅಂದರೆ ಚಾಪ್ಲಿನ್, ಅಲ್ಲಿಗೆ ಮುಗಿಯಿತು. ಅವನನ್ನು ನೋಡಿ ಬೆಳೆದವರು ಕೀಟನ್ ಮುಖದಲ್ಲಿ ಅಳು ಹುಡುಕುತ್ತಾರೆ, ಸಿಗುವುದಿಲ್ಲ. ಅವನು ಕರುಣೆ ಕೇಳುವುದೇ ಇಲ್ಲ. ನನಗೆ ಅದೇ ಇಷ್ಟ. ನಿಮಗೆ ಆಗದಿದ್ದರೆ ಅದು ರುಚಿಯ ವಿಷಯ, ವಾದ ಮಾಡಲು ಏನಿಲ್ಲ.

ನೋಡುವುದಾದರೆ ಒಂದು ಕೆಲಸ ಮಾಡಿ. ಅಮೆರಿಕದಲ್ಲಿ ಇದರ ಕಾಪಿರೈಟ್ ಎಂದೋ ಮುಗಿದಿರುವುದರಿಂದ ಯೂಟ್ಯೂಬ್‌ನಲ್ಲಿ ಯಾರು ಬೇಕಾದರೂ ಹಾಕಿದ ಪ್ರತಿಗಳಿವೆ. ಕೆಲವು ಮಬ್ಬು, ಕೆಲವು ಅಂಕೆಯಿಲ್ಲದ ವೇಗದಲ್ಲಿ ಓಡುತ್ತವೆ, ಕೆಲವಕ್ಕೆ ಸಂಬಂಧವೇ ಇಲ್ಲದ ಪಿಯಾನೋ. ಅರ್ಧ ಜನ ಬೋರ್ ಅನ್ನುವುದು ಇಂಥ ಪ್ರತಿ ನೋಡಿಯೇ ಇರಬೇಕು. ಪುನಶ್ಚೇತನಗೊಳಿಸಿದ ಒಳ್ಳೆಯ ಪ್ರತಿ ಹುಡುಕಿ. ಕಾರ್ಲ್ ಡೇವಿಸ್ ಸಂಗೀತ ಇರುವುದೂ ಉಂಟು, ಜಪಾನಿನ ಜೋ ಹಿಸೈಶಿ ಸಂಗೀತ ಇರುವುದೂ ಉಂಟು, ಯಾವುದಾದರೂ ಸರಿ. ಒಂದೂಕಾಲು ಗಂಟೆ ಚಿಲ್ಲರೆ, ಅಷ್ಟೇ. ಸೇತುವೆ ಬಿದ್ದ ಮೇಲೆ ಬೋರ್ ಆದರೆ ನನ್ನದೇನೂ ತಕರಾರಿಲ್ಲ. ಅದಕ್ಕಿಂತ ಮೊದಲೇ ಆದರೆ ಯಾವ ನಿಮಿಷದಲ್ಲಿ ಅಂತ ಬರೆದುಕೊಂಡು ಬನ್ನಿ, ಕೂತು ಜಗಳ ಆಡೋಣ.