ಕಂಪನಿ ನಾಟಕ ಅಂದ್ರೆ ಬೈಗುಳನಾ?

ಬಾಗಲಕೋಟೆಯಲ್ಲಿ ಕಾಲೇಜು ಹುಡುಗರ ನಾಟಕ ಸ್ಪರ್ಧೆ ನೋಡಿ ಈಗಷ್ಟೇ ಮನೆಗೆ ಬಂದೆ. ತಲೆ ಕೆಟ್ಟಿದೆ. ಒಬ್ಬ ಹುಡುಗ ಫ್ಯಾನಿನ ಗರಗರ ದಾಟಿ ಕೊನೇ ಸಾಲಿಗೂ ಕೇಳುವ ಹಾಗೆ ಮಾತು ಹೇಳಿದ. ತೀರ್ಪುಗಾರರು ಎದ್ದು, 'ಚೆನ್ನಾಗಿತ್ತು, ಆದ್ರೆ ಸ್ವಲ್ಪ ಕಂಪನಿ ನಾಟಕದ ಥರ ಆಯ್ತು' ಅಂದರು. ಮೈಕ್ ಹಿಡ್ಕೊಂಡು! ಎಲ್ಲರೂ ನಕ್ಕರು.

ಅಲ್ರೀ, ಊರೂರು ತಿರುಗಿ, ಟಿಕೆಟ್ ಮಾರಿ ಹೊಟ್ಟೆ ಹೊರೆಯೋ ವೃತ್ತಿ ತಂಡದವರ ನಾಟಕ ಅದು. ಅದರ ಹೆಸರು ಬೈಗುಳ ಆಗಿದ್ದು ಯಾವಾಗ? ರಾಜಕಾರಣಿ ಕಣ್ಣೀರು ಹಾಕಿದರೂ ಕಂಪನಿ ನಾಟಕ. ಧಾರಾವಾಹಿಯ ಅತ್ತೆ ಕಿರುಚಿದರೂ ಕಂಪನಿ ನಾಟಕ. ಪೇಟಿ ಮಾಸ್ತರರ, ಅಂದ್ರೆ ನಾಟಕಕ್ಕೆ ಹಾರ್ಮೋನಿಯಂ ನುಡಿಸೋರ ಮಗ ನಾನು, ಪಕ್ಷಪಾತ ಇದ್ದೇ ಇದೆ, ನಿಮಗೆ ಗೊತ್ತು. ಆದರೂ ಕೇಳ್ತೀನಿ, ಕಂಪನಿಯವರು ಯಾರ ಮನೆ ಹಾಳು ಮಾಡಿದ್ದಾರೆ?

ನಮ್ಮ ಕಡೆಯವರಂತೂ ಈ ಮಾತು ಆಡಬಾರದು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ನಟ ಬಾಳಪ್ಪನವರು ಕಂಪನಿಯವರೇ. ಹೆಣ್ಣು ಪಾತ್ರವನ್ನೂ ಮಾಡಿದರು, ಬಸವಣ್ಣನ ಪಾತ್ರವನ್ನೂ ಮಾಡಿದರು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ಕಂಪನಿಯಲ್ಲಿ ಪಾರ್ಟು ಮಾಡಿ ಹಾಡಿದವರು. ಬೀಳಗಿಯ ಗಾಯಕ ನಟಿ ಗೋಹರಬಾಯಿ, ಮರಾಠಿ ರಂಗಭೂಮಿಯ ದೊಡ್ಡ ನಟ ಬಾಲಗಂಧರ್ವರ ಕಂಪನಿಗೇ ಹೋಗಿ ಹೆಸರು ಮಾಡಿದರು.

ದನಿ ಯಾಕೆ ಅಷ್ಟು ದೊಡ್ಡದು ಅಂತ ತಿಳೀಬೇಕಾದ್ರೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ. ತಗಡು ಬಡಿದು, ಪರದೆ ಕಟ್ಟಿ ನಿಲ್ಲಿಸಿದ ಥೇಟರು. ಪಕ್ಕದಲ್ಲೇ ಇನ್ನೊಂದು ಕಂಪನಿ. ಅದರ ಹಾಡು ಇಲ್ಲಿಗೆ, ಇಲ್ಲಿನ ಡೈಲಾಗ್ ಅಲ್ಲಿಗೆ. ಮೇಲಿಂದ ಇಳಿಬಿಟ್ಟ ಮೈಕು. ಕೂಸು ಅಳ್ತಿರುತ್ತೆ, ಚುರುಮುರಿಯವನು ಓಡಾಡ್ತಿರ್ತಾನೆ. ಅಲ್ಲಿ ಪಿಸುಗುಟ್ಟಿದರೆ ಮುಂದಿನ ಕುರ್ಚಿಯವರಿಗೂ ಕೇಳಲ್ಲ. ಹಿಂದೆ ಕೂತವನು ಸುಮ್ನೆ ಬಿಡ್ತಾನಾ? ಸಿಳ್ಳೆ ಹೊಡೀತಾನೆ. ರೊಕ್ಕ ಕೊಟ್ಟು ಬಂದಿದ್ದಾನಲ್ಲ! ಅವನು ನಾಳೆ ಬರದಿದ್ದರೆ ಕಲಾವಿದರ ಒಲೆ ಹತ್ತಲ್ಲ. ಸ್ಪರ್ಧೆಯ ಹಾಗೆ ಉಚಿತ ಪ್ರವೇಶ, ಕೊನೆಗೊಂದು ಪ್ರಮಾಣಪತ್ರ ಅಂದ್ರೆ ನಡೆಯಲ್ಲ.

ಡಬಲ್ ಮೀನಿಂಗ್ ಜಾಸ್ತಿ ಅಂತೀರಾ? ಹೌದು, ಇದೆ. ನನಗೂ ನಗು ಬರುತ್ತೆ. ಹೆಂಡತಿ ಪಕ್ಕದಲ್ಲಿದ್ದರೆ ಕೆಮ್ಮು ಬಂದವನ ಹಾಗೆ ಮಾಡ್ತೀನಿ. ಅದೇ ಜೋಕು ಟಿವಿಯಲ್ಲಿ ಬಂದರೆ ಮನೆಮಂದಿಯೆಲ್ಲ ಕೂತು ನೋಡ್ತೀರಿ, 'ಏನ್ ಟೈಮಿಂಗ್' ಅಂತೀರಿ. ಸಾಕು ಬಿಡಿ.

ನಟನೆ ಕೆಟ್ಟದಾಗಿದ್ದರೆ ಕೆಟ್ಟದು ಅನ್ನಿ. ಬೇರೆಯವರ ಹೊಟ್ಟೆಪಾಡಿನ ಹೆಸರು ಯಾಕೆ ಬೇಕು?

ಕಮೆಂಟಿನಲ್ಲಿ ಜಗಳಕ್ಕೆ ಬರುವವರು ಬನ್ನಿ. ಆದರೆ ಟಿಕೆಟ್ ತೆಗೆಸಿ ನೋಡಿದ ಕೊನೇ ಕಂಪನಿ ನಾಟಕ ಯಾವುದು ಅಂತ ಮೊದಲು ಬರೀರಿ. ಪಾಸು ಲೆಕ್ಕಕ್ಕಿಲ್ಲ.