ವರ್ಗವಾದ ಸಾಹೇಬರ ಸೋಮವಾರದ ಸಭೆ

ತುಮಕೂರಿನ ಕಚೇರಿಯೊಂದರಲ್ಲಿ (ಬಿ.ಎಚ್. ರಸ್ತೆಯಿಂದ ಒಳಕ್ಕೆ ಹೋಗಬೇಕು, ಅಷ್ಟು ಹೇಳಿದರೆ ಸಾಕು) ಗುಂಪು ಕ್ಯಾಲೆಂಡರ್ ಜಾರಿಗೆ ಬಂದಿದೆ. ಯಾರು ಯಾವಾಗ ಎಲ್ಲಿರುತ್ತಾರೆ ಎಂಬುದು ಸರ್ವರ್‌ನಲ್ಲಿ ಎಲ್ಲರಿಗೂ ಕಾಣಬೇಕು ಎಂಬ ಸದುದ್ದೇಶ. ಇದುವರೆಗೆ ಆ ಮಾಹಿತಿ ಇದ್ದದ್ದು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುವ ಜವಾನರ ಬಳಿ ಮಾತ್ರ. "ಸಾಹೇಬ್ರು ವಿಸೀಲವ್ರೆ" (ವಿಡಿಯೋ ಕಾನ್ಫರೆನ್ಸ್ ಅಂತೆ) ಎಂದರೆ ಮುಗಿಯಿತು. ಪಾವಗಡದಲ್ಲಿ ಬೆಳಗಿನ ಬಸ್ಸು ಹತ್ತಿ, ಮಧುಗಿರಿ ಕೊರಟಗೆರೆ ದಾಟಿ ಬಂದ ತಾತ ಮೆಟ್ಟಿಲ ಮೇಲೆ ಟವೆಲ್ ಹಾಸಿಕೊಳ್ಳಬೇಕು.

ವ್ಯವಸ್ಥೆಯೇನೂ ಹೊಸದಲ್ಲ. ಸಭೆ, ಸಮಯಗಳನ್ನು ಕಂಪ್ಯೂಟರ್‌ಗಳು ಪರಸ್ಪರ ಓದುವಂತೆ ಬರೆದಿಡುವ ಐಕ್ಯಾಲೆಂಡರ್ ಎಂಬ ನಮೂನೆ 1998ರದ್ದು. ಅದನ್ನು ಸರ್ವರ್‌ನಲ್ಲಿಟ್ಟು ಹತ್ತು ಜನ ನೋಡುವ, ತಿದ್ದುವ ಕ್ಯಾಲ್‌ಡ್ಯಾವ್ 2007ರದ್ದು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ. ಇಲ್ಲಿಗೆ ಬರಲು ಇಷ್ಟು ಕಾಲ ಹಿಡಿದದ್ದು ಹೆಚ್ಚೇನಲ್ಲ, ಮಧ್ಯೆ ಟಪಾಲು ಶಾಖೆ ಇದೆಯಲ್ಲ.

ಹೊರಗುತ್ತಿಗೆಯ ಆಪರೇಟರ್ ಹುಡುಗಿ ಒಂದೇ ಮಧ್ಯಾಹ್ನದಲ್ಲಿ ಗುಂಪು ಕಟ್ಟಿ ಕ್ಯಾಲೆಂಡರ್ ತೆರೆದುಕೊಟ್ಟಳು. ತಿಂಗಳುಗಟ್ಟಲೆ ಎಳೆದದ್ದು ಅನುಮತಿಯ ವಿಷಯ. ಸರ್ವರ್ ಕೇಳುವುದು ಸರಳ ಪ್ರಶ್ನೆ: ಇವರು ತಿದ್ದಬಹುದೇ, ಬರೀ ಓದಬಹುದೇ, ಇಲ್ಲ ಬಿಡುವಿದೆಯೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕೇ? "ಏನಮ್ಮಾ, ಎಫ್‌ಡಿಎಗೂ ನನಗೂ ಒಂದೇ ಅನುಮತೀನಾ?" ಎಂದು ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಜ್ಯೇಷ್ಠತಾ ಪಟ್ಟಿ ಹೊರಬಂತು. ಕೊನೆಗೆ ಇತ್ಯರ್ಥವಾದದ್ದು ಹೀಗೆ: ಕೆಳಗಿನವರದ್ದೆಲ್ಲ ಮೇಲಿನವರಿಗೆ ಕಾಣತಕ್ಕದ್ದು, ಮೇಲಿನವರದ್ದು ಕೆಳಗಿನವರಿಗೆ "ಬಿಡುವಿಲ್ಲ" ಎಂಬ ಬೂದು ಪಟ್ಟಿಯಾಗಿ ಮಾತ್ರ ಕಾಣತಕ್ಕದ್ದು. ಸಾಹೇಬರ ವಾರವಿಡೀ ಈಗ ಬೂದು. ಸ್ಟೂಲ್ ಮೇಲಿಂದ ಬರುತ್ತಿದ್ದ ಉತ್ತರವೇ ಸರ್ವರ್‌ನಿಂದಲೂ ಬರುತ್ತಿದೆ. ಆದರೆ ಜವಾನರ ಅಂಗೈಗೆ ಐವತ್ತು ರೂಪಾಯಿ ಸೋಕಿಸಿದರೆ "ಮೂರರ ಮೇಲೆ ಬಾ ತಾತ" ಅನ್ನುತ್ತಿದ್ದರು. ಸರ್ವರ್‌ಗೆ ಅಷ್ಟು ಕರುಣೆಯೂ ಇಲ್ಲ.

ಗಡಿಯಾರದ ಕತೆ ಇನ್ನೂ ಚೆಂದ. ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿತ್ತು. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗ್ಗೆ 10.30 ಎಂದು ನಮೂದಿಸಿದ ಸಭೆ ಎಲ್ಲರ ಮೊಬೈಲಿನಲ್ಲಿ ಸಂಜೆ 4 ಎಂದು ತೋರಿಸುತ್ತಿತ್ತು. ಒಬ್ಬರೂ ದೂರು ಕೊಡಲಿಲ್ಲ. ಬೆಂಗಳೂರಿನಿಂದ ರೈಲಿಗೆ ಬರುವವರು ಬಂದು, ಸಾಹೇಬರು ಬಂದು, ಊಟವಾಗಿ, ಕಡತ ಸಿಕ್ಕಿ, 10.30ರ ಸಭೆ ಶುರುವಾಗುತ್ತಿದ್ದದ್ದೇ 4ಕ್ಕೆ. ಆಪರೇಟರ್ ಅದನ್ನು ಸರಿಪಡಿಸಿದ ದಿನ ಮೊದಲ ದೂರು ಬಂತು: ಕ್ಯಾಲೆಂಡರ್ ತಪ್ಪು ತೋರಿಸುತ್ತಿದೆ. ಜೊತೆಗೆ ಶುಕ್ರವಾರದ ಸಭೆ ಹೋಗಿ ನೆಟ್ಟಗೆ ರಾಹುಕಾಲದಲ್ಲಿ ಕೂತಿತ್ತು. ಮೌಖಿಕ ಆದೇಶವಾಗಿ, ವಾರದ ಅಷ್ಟೂ ರಾಹುಕಾಲ "ಬಿಡುವಿಲ್ಲ" ಎಂದು ಸೇರಿತು. ಇಡೀ ಕ್ಯಾಲೆಂಡರ್‌ನಲ್ಲಿ ಚಾಚೂ ತಪ್ಪದೆ ನಡೆಯುವ ಕಾರ್ಯಕ್ರಮ ಅದೊಂದೇ.

ಸೋಮವಾರ ಆ ಕಾಟವಿಲ್ಲ, ಕಚೇರಿ ತೆರೆಯುವ ಮೊದಲೇ ರಾಹು ಹೋಗಿರುತ್ತಾನೆ. ಅದಕ್ಕೇ ಹಿಂದಿನ ಸಾಹೇಬರು ಪ್ರತಿ ಸೋಮವಾರ 11ಕ್ಕೆ ಪ್ರಗತಿ ಪರಿಶೀಲನೆ ಎಂದು ಹಾಕಿ, ಮುಗಿಯುವ ದಿನಾಂಕದ ಜಾಗ ಖಾಲಿ ಬಿಟ್ಟಿದ್ದರು. ಆಮೇಲೆ ಅವರಿಗೆ ಕೊಪ್ಪಳಕ್ಕೆ ವರ್ಗವಾಯಿತು, ಖಾತೆ ಮುಚ್ಚಿತು. ಸಭೆ ಮಾತ್ರ ಉಳಿಯಿತು. ಕರೆದವರು ರದ್ದು ಮಾಡದ ಹೊರತು ಇಂಥ ಸಭೆ ಎಲ್ಲರ ಕ್ಯಾಲೆಂಡರ್‌ನಲ್ಲೂ ಹಾಗೇ ಇರುತ್ತದೆ. ಸರ್ವರ್ ನೋಡಿಕೊಳ್ಳುವವರು ಕಿತ್ತು ಹಾಕಬಹುದು, ನಿಜ. ಆದರೆ ಅಧಿಕಾರಿ ಕರೆದ ಸಭೆಯನ್ನು ಹೊರಗುತ್ತಿಗೆ ಹುಡುಗಿ ಅಳಿಸುವುದುಂಟೇ?

ಹೀಗಾಗಿ ಸೋಮವಾರ 10.45ಕ್ಕೆ ಎಲ್ಲರ ಮೊಬೈಲೂ ಒಟ್ಟಿಗೆ ಟಿಂಗ್ ಅನ್ನುತ್ತದೆ. ಎಲ್ಲರೂ ಸಭಾಂಗಣಕ್ಕೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಹೊಸ ಸಾಹೇಬರಿಗೂ ಆಹ್ವಾನ ಹೋಗುತ್ತದೆ. ಮೇಲಿನಿಂದ ಬಂದದ್ದಿರಬೇಕೆಂದು ಅವರೂ ಬಂದು, ಅಧ್ಯಕ್ಷರ ಕುರ್ಚಿ ಬಿಟ್ಟು ಪಕ್ಕದ್ದರಲ್ಲಿ ಕೂರುತ್ತಾರೆ. ಟೀ, ಖಾರ ಬೂಂದಿ, ಎರಡು ಬಿಸ್ಕತ್ತು. ಯಾರೂ ಯಾರನ್ನೂ ಬೈಯುವುದಿಲ್ಲ. ಬಿಲ್ಲು ಸಾದಿಲ್ವಾರು ವೆಚ್ಚಕ್ಕೆ.

ಆಡಿಟ್‌ನವರು ಬೂಂದಿಗೆ ಆಕ್ಷೇಪಣೆ ಹಾಕಿದ ಮೇಲೆ, ಸಭೆ ರದ್ದುಪಡಿಸಿಕೊಡಬೇಕೆಂದು ಕೊಪ್ಪಳಕ್ಕೆ ಪತ್ರ ಹೋಯಿತು. ಉತ್ತರ ಬಂದಿದೆ. ಕಳೆದ ಸಭೆಗಳ ನಡಾವಳಿ ಹಾಗೂ ಅನುಪಾಲನಾ ವರದಿಯನ್ನು ಏಳು ದಿನದೊಳಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಮುಂದಿನ ಸೋಮವಾರ ಖುದ್ದು ಹಾಜರಿದ್ದು ವಿವರಣೆ ನೀಡತಕ್ಕದ್ದು.