ಲ್ಯಾಪ್‌ಟಾಪ್ ಆರ್ಡರ್ ಮಾಡುವಾಗ ಯಾವುದಕ್ಕೆ ಈಗಲೇ ದುಡ್ಡು, ಯಾವುದಕ್ಕೆ ಆಮೇಲೆ

ಕಂಪನಿಯ ಜಾಲತಾಣದಲ್ಲಿ ನಮಗೆ ಬೇಕಾದ ಭಾಗಗಳನ್ನು ಆರಿಸಿ ಲ್ಯಾಪ್‌ಟಾಪ್ ತರಿಸಿಕೊಳ್ಳುವವರು ಮುಂಬೈ ಕಡೆಯ ಡೊಂಬಿವಲಿ, ಮಾಟುಂಗದ ನಮ್ಮ ಕನ್ನಡದ ಮನೆಗಳಲ್ಲೂ ಈಗ ಹೆಚ್ಚಾಗಿದ್ದಾರೆ. ಅವರೆಲ್ಲ ಕೇಳುವುದು ಪ್ರೊಸೆಸರ್ ಯಾವುದಿರಲಿ ಎಂದು. ಅದಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದರ ಕೆಳಗಿನ ಐಚ್ಛಿಕ ಸೌಲಭ್ಯಗಳ ಸಾಲುಗಳನ್ನು ಮಾತ್ರ ಹೆಚ್ಚಿನವರು ಓದುವುದಿಲ್ಲ. ಅಲ್ಲಿ ಮೊದಲೇ ಗುರುತಾಗಿರುವುದನ್ನು ಹಾಗೆಯೇ ಬಿಟ್ಟು ಹಣ ಪಾವತಿಗೆ ಹೋಗುತ್ತಾರೆ. ಆ ಪ್ರತಿಯೊಂದು ಸಾಲಿನ ಮುಂದೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ ಎಂಬುದು ನನ್ನ ಅಭಿಪ್ರಾಯ: ಇದನ್ನು ಎರಡು ವರ್ಷ ಬಿಟ್ಟು ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಹಾಕಿಸಿಕೊಳ್ಳಲು ಸಾಧ್ಯವೇ?

ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯ ವಿಷಯದಲ್ಲಿ ಸಾಮಾನ್ಯವಾಗಿ ಸಾಧ್ಯ. ಬಹುತೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಒಂದೇ ಸ್ಕ್ರೂನಿಂದ ಕೂತಿರುವ ಎಂ.2 ಕಾರ್ಡು. ಆದ್ದರಿಂದ ಈಗ 512 ಜಿಬಿ ತೆಗೆದುಕೊಂಡು ಮುಂದೆ ಬದಲಾಯಿಸಿಕೊಂಡರೆ ನಷ್ಟವೇನಿಲ್ಲ. ಯಂತ್ರ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್ ಮಾತ್ರ ಹಾಗಲ್ಲ. ಎಲ್‌ಪಿಡಿಡಿಆರ್5 ಎಂದು ಬರೆದಿದ್ದರೆ ಹೆಚ್ಚುಕಡಿಮೆ ಯಾವಾಗಲೂ ಅದನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇಂದು 8 ಜಿಬಿ ಆರಿಸಿದವರು ಆ ಯಂತ್ರ ಇರುವಷ್ಟು ಕಾಲ 8 ಜಿಬಿಯಲ್ಲೇ ಇರಬೇಕಾಗುತ್ತದೆ. ಬರೀ ಡಿಡಿಆರ್5 ಎಂದಿದ್ದು, ಜೊತೆಗೆ ಸೋಡಿಮ್ (ಬಿಚ್ಚಿ ಹಾಕಬಹುದಾದ ರ‍್ಯಾಮ್ ಕಾರ್ಡು) ಎಂಬ ಪದ ಕಂಡರೆ ಅಲ್ಲಿ ಸ್ಲಾಟ್ ಇದೆ ಎಂದರ್ಥ. ಕೆಲವು ಮಾದರಿಗಳಲ್ಲಿ ಅರ್ಧ ಬೆಸುಗೆ, ಅರ್ಧ ಸ್ಲಾಟ್ ಇರುವುದೂ ಉಂಟು. ಎರಡು ಸ್ಲಾಟ್ ಇದ್ದಾಗ 8 ಜಿಬಿಯ ಎರಡು ಕಾರ್ಡುಗಳನ್ನು ಹಾಕಿಸಿದರೆ ರ‍್ಯಾಮಿನ ಎರಡೂ ಚಾನೆಲ್‌ಗಳು, ಅಂದರೆ ದತ್ತಾಂಶದ ದಾರಿಗಳು, ಬಳಕೆಯಾಗಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ವೇಗ ಸಿಗುತ್ತದೆ. 16 ಜಿಬಿಯ ಒಂದೇ ಕಾರ್ಡು ಹಾಕಿಸಿದರೆ ಮುಂದೆ ಹೆಚ್ಚಿಸಿಕೊಳ್ಳಲು ಒಂದು ಸ್ಲಾಟ್ ಖಾಲಿ ಉಳಿಯುತ್ತದೆ. ಆಟ ಆಡುವವರಲ್ಲದಿದ್ದರೆ ಎರಡನೆಯದೇ ಮೇಲು ಎನ್ನುತ್ತೇನೆ.

ನಮ್ಮವರು ಅತ್ಯಂತ ಸುಲಭವಾಗಿ ಬಿಟ್ಟುಕೊಡುವುದು ಪರದೆಯನ್ನು. ‘45 ಶೇಕಡಾ ಎನ್‌ಟಿಎಸ್‌ಸಿ, 300 ನಿಟ್ಸ್’ ಎಂಬ ಸಾಲು (ಮೊದಲನೆಯದು ಬಣ್ಣಗಳ ವ್ಯಾಪ್ತಿಯ ಅಳತೆ, ಎರಡನೆಯದು ಬೆಳಕಿನ ಪ್ರಖರತೆಯದು) ಓದಲು ನಿರುಪದ್ರವಿಯಾಗಿ ಕಾಣುತ್ತದೆ, ಆದರೆ ಅಂಥ ಪರದೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಮಾನದಂಡದ ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ತೋರಿಸಬಲ್ಲದು; ಕೆಂಪು ಸೀರೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಕಿಟಕಿಯ ಪಕ್ಕ ಕೂತು ಕೆಲಸ ಮಾಡುವವರಿಗೆ 400 ನಿಟ್ಸ್ ಇದ್ದರೆ ಕಣ್ಣಿಗೆ ಹಿತ. ಪರದೆಯನ್ನು ಆಮೇಲೆ ಬದಲಾಯಿಸಲು ಹೊರಟರೆ ಹೊಂದುವ ಪ್ಯಾನೆಲ್, ಕೇಬಲ್ ಎಲ್ಲವನ್ನೂ ಹುಡುಕಬೇಕು, ವಾರಂಟಿಯ ತಕರಾರು ಬೇರೆ. ಹೆಚ್ಚಿನ ದುಡ್ಡನ್ನು ಇಲ್ಲಿ ಹಾಕಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ಟಚ್‌ಸ್ಕ್ರೀನ್ ಮಾತ್ರ ಬೇಡ: ತೂಕ ಹೆಚ್ಚು, ಹೊಳಪಿನ ಗಾಜಿನಲ್ಲಿ ಟ್ಯೂಬ್‌ಲೈಟೇ ಕಾಣುತ್ತದೆ.

ಲ್ಯಾಪ್‌ಟಾಪಿಗೇ ಸಿಮ್ ಹಾಕಿ ಮೊಬೈಲ್ ಇಂಟರ್‌ನೆಟ್ ಪಡೆಯುವ ಡಬ್ಲ್ಯೂವಾನ್ (WWAN) ಸೌಲಭ್ಯ ಎಲ್ಲರಿಗೂ ಬೇಕಿಲ್ಲ, ಮೊಬೈಲಿನ ಹಾಟ್‌ಸ್ಪಾಟ್ ಸಾಕು. ಆದರೆ ಬೇಕಾದೀತೆಂಬ ಅನುಮಾನವಿದ್ದರೂ ‘ಡಬ್ಲ್ಯೂವಾನ್ ರೆಡಿ’ ಎಂಬ ಆಯ್ಕೆಯನ್ನಾದರೂ ಗುರುತು ಮಾಡಿ. ಆಗ ಪರದೆಯ ಅಂಚಿನಲ್ಲೋ ಕೀಬೋರ್ಡಿನ ಬದಿಯಲ್ಲೋ ಆಂಟೆನಾ ಎಳೆದು ಕಳುಹಿಸುತ್ತಾರೆ, ಕಾರ್ಡನ್ನು ಆಮೇಲೆ ಕೊಳ್ಳಬಹುದು. ಆಂಟೆನಾ ಇಲ್ಲದ ಯಂತ್ರಕ್ಕೆ ಕಾರ್ಡು ತರುವುದೆಂದರೆ, ಪ್ಲಾಸ್ಟರಿಂಗ್ ಮುಗಿದ ಗೋಡೆಯೊಳಗೆ ವೈರಿಂಗ್ ಮಾಡಿಸಲು ಹೊರಟಂತೆ.

ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿರುವ ನನ್ನ ತಂಗಿಯ ಮಗಳು ಸ್ಮಾರ್ಟ್ ಕಾರ್ಡ್ ರೀಡರ್ ಎಂಬ ಸಾಲನ್ನು ತೋರಿಸಿ, "ಮಾಮಾ, ಡಿಜಿಟಲ್ ಸಹಿಗೆ ಇದು ಬೇಕಾಗುತ್ತಲ್ಲ?" ಎಂದು ಕೇಳಿದಳು. ಬೇಕಾಗಿಲ್ಲ. ಜಿಎಸ್‌ಟಿ, ಆದಾಯ ತೆರಿಗೆಯ ಸಲ್ಲಿಕೆಗಳಿಗೆ ಇಲ್ಲಿ ಬಳಸುವ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಪ್ರಮಾಣಪತ್ರ, ಸಾಮಾನ್ಯವಾಗಿ ಪೆನ್‌ಡ್ರೈವಿನಂಥ ಯುಎಸ್‌ಬಿ ಟೋಕನ್ನಿನಲ್ಲೇ ಬರುತ್ತದೆ. ಟೋಕನ್ನುಗಳು ಹೆಚ್ಚಾಗಿ ಹಳೆಯ ಆಯತಾಕಾರದ ಯುಎಸ್‌ಬಿ-ಎ ತುದಿಯವು, ಹಾಗಾಗಿ ಅವಳು ನೋಡಬೇಕಾಗಿದ್ದದ್ದು ಆ ಪೋರ್ಟ್ ಇದೆಯೇ ಎಂಬುದನ್ನು. ವಿ-ಪ್ರೋ (vPro) ಎಂಬ ಇಂಟೆಲ್ ಸೌಲಭ್ಯವೂ ಅಷ್ಟೇ. ದೊಡ್ಡ ಕಂಪನಿಗಳ ಐಟಿ ವಿಭಾಗ ದೂರದಿಂದ ಯಂತ್ರಗಳನ್ನು ನಿರ್ವಹಿಸಲು ಇರುವಂಥದ್ದು, ಮನೆಯವರಿಗೆ ಉಪಯೋಗವಿಲ್ಲ. ಬೆರಳಚ್ಚು ರೀಡರ್, ಬೆಳಕಿನ ಕೀಬೋರ್ಡುಗಳಿಗೆ ತಗಲುವುದು ಸ್ವಲ್ಪ ಹಣ, ಆದರೆ ಆಮೇಲೆ ಸೇರಿಸಲು ಕಷ್ಟ, ಈಗಲೇ ಹಾಕಿಸಿಬಿಡಿ. ದೊಡ್ಡ ಬ್ಯಾಟರಿ ಆರಿಸುವಾಗ ಮಾತ್ರ ಎಚ್ಚರವಿರಲಿ, ಕೆಲವು ಮಾದರಿಗಳಲ್ಲಿ ಎರಡನೇ ಡ್ರೈವಿನ ಜಾಗವನ್ನು ಅದೇ ನುಂಗುತ್ತದೆ.

ಮಾರಾಟದ ಪುಟದಲ್ಲಿ ಇವೆಲ್ಲ ಸ್ಪಷ್ಟವಾಗಿ ಇರುವುದಿಲ್ಲ. ವ್ಯಾಪಾರಿ ಬಳಕೆಯ ಲ್ಯಾಪ್‌ಟಾಪ್ ಮಾಡುವ ದೊಡ್ಡ ಕಂಪನಿಗಳು ಆಯಾ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ಲನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಕೊಡುತ್ತವೆ. ಹಣ ಕಟ್ಟುವ ಮುನ್ನ ಅದನ್ನು ಇಳಿಸಿಕೊಂಡು, ರ‍್ಯಾಮ್ ಬಿಚ್ಚುವ ವಿಧಾನದ ಪುಟ ಅದರಲ್ಲಿ ಇದೆಯೇ ಎಂದು ನೋಡಿ. ಆ ಪುಟವೇ ಇಲ್ಲದಿದ್ದರೆ ನಿಮ್ಮ ರ‍್ಯಾಮ್ ಬಹುಶಃ ಬೆಸುಗೆಯದ್ದು.